ಮಂಚದ ಕೆಳಗಿನವರು

ಸಂಡೂರಿನ ಗುಡ್ಡದ ಬುಡದಲ್ಲಿ ಆದಿವಾಸಿಗಳಿಗೆಂದು ಕಟ್ಟಿ, ಎಂದೋ ಮುಚ್ಚಿದ ಆಸ್ಪತ್ರೆಯೊಂದರ ಚರಿತ್ರೆ ಬರೆಯಲು ೨೦೦೭ರಲ್ಲಿ ಹೋಗಿದ್ದೆ. ಹಳೆಯ ರಿಜಿಸ್ಟರಿನ ಪುಟಪುಟದಲ್ಲೂ ‘ಮಂಚ ಖಾಲಿ’ ಎಂದಿತ್ತು. ರೋಗಿಗಳೇ ಬರಲಿಲ್ಲವೆಂದು ಓದಿದವನ ಗತ್ತಿನಲ್ಲಿ ಬರೆದೂಬಿಟ್ಟಿದ್ದೆ.

ಅಲ್ಲಿ ಆಯಾ ಆಗಿದ್ದ ಎರ್ರಮ್ಮ ನಕ್ಕರು. “ಖಾಲಿ ಎಲ್ಲಿತ್ರಿ? ನಮ್ಮ ಮಂದಿ ನೆಲ ಬಿಟ್ಟು ಮಲಗಾಂಗಿಲ್ಲ. ಎಲ್ಲಾರೂ ಮಂಚದ ಕೆಳಗ ಇರತಿದ್ರು. ಡಾಕ್ಟರು ಒಮ್ಮಿನೂ ಬಗ್ಗಿ ನೋಡಲಿಲ್ಲ.”

ಅವರೊಡನೆ ವಾರ್ಡಿಗೆ ಹೋಗಿ ನಾನು ಬಗ್ಗಿ ನೋಡಿದೆ. ಅದಿರು ಲಾರಿಗಳ ಕೆಂಧೂಳು ವಾರ್ಡಿನ ತುಂಬ ಬೆರಳು ದಪ್ಪ ಕೂತಿತ್ತು. ಆದರೆ ಆರು ಮಂಚಗಳಲ್ಲಿ ಐದರ ಕೆಳಗೆ, ಒಬ್ಬರು ಮಲಗುವಷ್ಟು ಉದ್ದಕ್ಕೆ, ನೆಲದ ಕಲ್ಲು ತೊಳೆದಂತಿತ್ತು. ಮುಟ್ಟಿದರೆ, ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು.

ಯಾಕೋ ಭಯವಾಗಲಿಲ್ಲ. ಬಿಸಿಲಿಗೆ ದಣಿದಿದ್ದೆ, ಆರನೆಯ ಮಂಚದ ಕೆಳಗೆ ಧೂಳಿನಲ್ಲೇ ಮಲಗಿದೆ. ಅಂಥ ಸುಖದ ನಿದ್ದೆ ಮತ್ತೆ ಬಂದಿಲ್ಲ. ಹೊಸಪೇಟೆಗೆ ಬಂದವನೇ ಬರೆದದ್ದನ್ನು ಹರಿದು ಹೊಸದಾಗಿ ಬರೆದೆ.

ತಿಂಗಳ ಮೇಲೆ ಮತ್ತೆ ಹೋದೆ. ನಮ್ಮ ಹಳೆಯ ಹೆಜ್ಜೆಗಳು ಧೂಳಿನಡಿ ಮುಚ್ಚಿಹೋಗಿದ್ದವು. ಈಗ ಆರನೆಯ ಮಂಚದ ಕೆಳಗೂ ನನ್ನುದ್ದಕ್ಕೆ ಕಲ್ಲು ಶುಭ್ರವಾಗಿತ್ತು.

“ನಿಮ್ಮ ಜಾಗ ರೀ,” ಅಂದರು ಎರ್ರಮ್ಮ.

ಅಂಗೈ ಇಟ್ಟೆ. ಬೆಚ್ಚಗಿತ್ತು.