ಇಟಲಿ ಅಲ್ಲ, ಮಲ್ಲತ್ತಹಳ್ಳಿ!

"ಕೈ ಕೊಡ್ರಿ!"

"ಬೇಡ... ನಾನೇ ತೆಗೀತೀನಿ."

"ಆವಾಗಿಂದ ನೀವೇ ತೆಗ್ಯಾಕತ್ತೀರಿ. ಬೆರಳು ಬಾತು ಬದನಿಕಾಯಿ ಆಗೈತಿ. ಕೊಡ್ರಿ ಸುಮ್ನ!"

ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಶನಿವಾರದ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದ ನಡುವೆ ಫುಟ್‌ಪಾತಿನ ಮೇಲೆ ಬಟ್ಟೆ ಹಾಸಿ ಮರದ ಉಂಗುರ ಮಾರುತ್ತಿದ್ದ ಗುರುದೇವಿ, ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ ಎತ್ತರದ ಯುವಕನ ಕೈಯನ್ನು ಸರಕ್ಕನೆ ಎಳೆದುಕೊಂಡಳು.

ಅವನ ಬೆರಳಲ್ಲಿ ಹುಣಸೆ ಮರದ ಉಂಗುರವೊಂದು ಸಿಕ್ಕಿಕೊಂಡಿತ್ತು. ನೋಡಲು ಚೆಂದ ಇದೆಯೆಂದು ಹಾಕಿಕೊಂಡಿದ್ದ. ಹೆಂಗಸರ ಅಳತೆಯ ಉಂಗುರ! ಒಳಗೆ ಹೋಗಿದ್ದು ಹೊರಗೆ ಬರಲೊಲ್ಲದು.

ರಸ್ತೆಯ ಆಚೆ ನಿಂತಿದ್ದ ಮಾರುತಿ ಕಾರಿನ ಕಿಟಕಿಯಿಂದ ಹೆಂಗಸೊಬ್ಬರ ದನಿ ಕೇಳಿತು. "ಲೋ ಚನ್ನಕೇಶವ! ಹೂವ ತರೋಕೆ ಹೋದೋನು ಅಲ್ಲೇನೋ ಮಾಡ್ತಿದೀಯ? ಒಳ್ಳೆ ಹೊತ್ತು ಮೀರತ್ತೆ ಕಣೋ!"

"ಯಾರ್ರಿ ಅವ್ರು?" ಗುರುದೇವಿ ಕೇಳಿದಳು.

"ನಮ್ಮಮ್ಮ." ಅವನ ಮುಖ ಕೆಂಪಾಯಿತು. "ಬಸವೇಶ್ವರನಗರಕ್ಕೆ ಹೋಗ್ಬೇಕು. ಅದು... ಹೆಣ್ಣು ನೋಡೋಕೆ."

ಅವಳಿಗೆ ನಗು ತಡೆಯಲಾಗಲಿಲ್ಲ! ಹೆಣ್ಣು ನೋಡಲು ಹೊರಟವನ ಬೆರಳಲ್ಲಿ ಹೆಣ್ಣಿನ ಉಂಗುರ! ಪಕ್ಕದಲ್ಲಿ ವೀಳ್ಯದೆಲೆ ಮಾರುತ್ತಿದ್ದ ಅಜ್ಜಿಯ ಅಡಕತ್ತರಿ ಇಸಿದುಕೊಂಡಳು. ಅದರ ಬಾಯಿಯನ್ನು ಉಂಗುರಕ್ಕೆ ಹಿಡಿದಾಗ ಅವನು ಕೈ ಹಿಂದಕ್ಕೆಳೆದ.

"ಅಯ್ಯೋ, ಒಡೀಬೇಡಿ ಕಣ್ರೀ! ಎಷ್ಟು ಕಷ್ಟಪಟ್ಟು ಮಾಡಿರ್ತೀರ..."

ಗುರುದೇವಿಯ ಕೈ ಒಂದು ಗಳಿಗೆ ನಿಂತಿತು. ಚೌಕಾಸಿ ಮಾಡುವವರನ್ನು ಕಂಡಿದ್ದಳು, ಮೂಗು ಮುರಿಯುವವರನ್ನು ಕಂಡಿದ್ದಳು. ತನ್ನ ಬೆರಳಿಗಿಂತ ಅವಳ ಉಂಗುರಕ್ಕೆ ಮರುಗಿದವರು ಇವನೊಬ್ಬನೇ!

"ಉಂಗುರ ಇನ್ನೊಂದು ಮಾಡ್ತೀನ್ರಿ. ಬೆರಳು ಮಾಡಾಕ ನನ್ನ ಕೈಲಿ ಆಗಂಗಿಲ್ಲ," ಎಂದು ಕಟಕ್ಕೆಂದು ಕತ್ತರಿಸಿದಳು.

* * *

ಅದು ಎರಡು ಸಾವಿರದ ಆರನೇ ಇಸವಿ. ಗುರುದೇವಿ ಮತ್ತು ಅವಳ ತಾಯಿ ಗುರವ್ವ ಕೊಪ್ಪಳದ ಕಡೆಯಿಂದ ಬಂದು ಮಲ್ಲತ್ತಹಳ್ಳಿ ಕೆರೆಯ ಪಕ್ಕ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಗುರವ್ವ ಆರ್‌ಪಿಸಿ ಲೇಔಟಿನ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಗುರುದೇವಿಯ ಅಪ್ಪ ಬಸಪ್ಪ ಬದುಕಿರುವವರೆಗೂ ಮರದ ಆಟಿಕೆ ಮಾಡಿದವನು. ಅವನ ಗಿಲಕಿ, ಗೊಂಬೆಗಳು ಊರೂರು ತಿರುಗಿದವು. ಮಾಡಿದವನು ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವನ ಅರ, ಗರಗಸ, ಕೈಯಿಂದ ತಿರುಗಿಸುವ ಡ್ರಿಲ್ ಅವಳ ಪಾಲಿಗೆ ಬಂದವು. ಅವುಗಳಿಂದಲೇ ಉಂಗುರ ಮಾಡತೊಡಗಿದಳು. ತುಂಡು ಕಟ್ಟಿಗೆಗೆ ತೂತು ಕೊರೆದು, ಸುತ್ತ ಕೆತ್ತಿ, ಅರದಿಂದ ಉಜ್ಜಿ, ಎಣ್ಣೆ ತಿಕ್ಕಿದರೆ ಮರದ ಒಳಗಿನ ಗೆರೆಗಳು ಎದ್ದು ಹೊಳೆಯುತ್ತಿದ್ದವು.

'ಒಂದಿನ ನನ್ನ ಹೆಸರಿನ ಬೋರ್ಡ್ ಹಾಕಬೇಕು...' ಉಜ್ಜುವಾಗಲೆಲ್ಲ ಅವಳ ಮನಸ್ಸಿನಲ್ಲಿ ಓಡುತ್ತಿದ್ದುದು ಇದೊಂದೇ.

ಮುಂದಿನ ಶನಿವಾರ ಚನ್ನಕೇಶವ ಮತ್ತೆ ಬಂದ. ಹೆಗಲ ಮೇಲೆ ಒಂದು ಗೋಣಿಚೀಲ. ಅವಳ ಮುಂದೆ ಸುರಿದ. ಬೀಟೆ, ಹೊನ್ನೆ, ಹಲಸು, ತೇಗ... ಎಲ್ಲ ತುಂಡು ತುಂಡು!

"ನಮ್ದು ಮಲ್ಲತ್ತಹಳ್ಳೀಲಿ ಮರ ಕೊಯ್ಯೋ ಮಿಲ್ ಇದೆ. ಇವೆಲ್ಲ ಒಲೆಗೆ ಹೋಗ್ತವೆ. ನಿಮ್ಮ ಕೈಗೆ ಬಂದ್ರೆ..." ಮುಂದಿನ ಮಾತು ಸಿಗದೆ ತಲೆ ಕೆರೆದುಕೊಂಡ.

"ಆ ಹುಡುಗಿ ಒಪ್ಪಿದ್ಲೇನ್ರಿ?"

"ಇಲ್ಲ. ಹೋದಾಗಿಂದ ಬರೋವರೆಗೂ ನಾನು ಅವರ ಮನೆ ಬಾಗಿಲು ಯಾವ ಮರದ್ದು ಅಂತ್ಲೇ ಮಾತಾಡಿದ್ನಂತೆ. ಅಮ್ಮ ದಾರಿಯುದ್ದಕ್ಕೂ ಬೈದ್ರು!"

ಇಬ್ಬರೂ ನಕ್ಕರು. ಆ ನಗು ಅಲ್ಲಿಗೇ ಮುಗಿಯಲಿಲ್ಲ... ವಾರವಾರವೂ ಮುಂದುವರಿಯಿತು.

ಚನ್ನಕೇಶವ ಹೆಚ್ಚು ಮಾತಿನವನಲ್ಲ. ಆದರೆ ಮರದ ತುಂಡೊಂದನ್ನು ಕೈಯಲ್ಲಿ ಹಿಡಿದರೆ ಅವನ ಕಣ್ಣು ಬೆಳಗುತ್ತಿತ್ತು. ಗುರುದೇವಿಗೆ ಆ ಕಣ್ಣು ಇಷ್ಟವಾಯಿತು. ಶನಿವಾರ ಬೆಳಗಾದರೆ ಸಾಕು, ಕನ್ನಡಿಯ ಮುಂದೆ ಅವಳು ನಿಲ್ಲುವ ಹೊತ್ತು ಹೆಚ್ಚುತ್ತಿತ್ತು.

"ಉಂಗುರಾ ಮಾರಾಕ ಹೊಂಟೀಯೋ, ಮದಿವಿಗೆ ಹೊಂಟೀಯೋ?" ಎಂದು ಗುರವ್ವ ಛೇಡಿಸುವಳು.

"ಸುಮ್ನಿರಬೇ!"

ಸಂಕ್ರಾಂತಿ ಕಳೆದ ಮೇಲೆ ಅವನೇ ಒಂದು ದಾರಿ ತೋರಿಸಿದ. ರಾಜಾಜಿನಗರದಲ್ಲಿ ಒಂದು ದೊಡ್ಡ ಶೋರೂಮು. ಅವರ ಫರ್ನಿಚರಿಗೆ ಮರ ಹೋಗುತ್ತಿದ್ದುದು ಇವನ ಮಿಲ್ಲಿನಿಂದಲೇ. ಅಲ್ಲಿನ ಮ್ಯಾನೇಜರ್ ಮೋಹನ್ ಕುಮಾರ್ ಉಂಗುರಗಳನ್ನು ನೋಡಿ ಕೂಡಲೇ ಒಪ್ಪಿದ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದೆಲ್ಲ ಖರ್ಚಾಯಿತು. ಇನ್ನೂ ಬೇಕು, ಇನ್ನೂ ಬೇಕು!

ಗುರುದೇವಿಗೆ ಆಕಾಶ ಕೈಗೆ ಸಿಕ್ಕಿದಂತಾಯಿತು.

* * *

ಶಿವರಾತ್ರಿ ಮುಗಿದು ವಾರವಾಗಿತ್ತು. ಇಳಕಲ್ ಸೀರೆ ಉಟ್ಟ ತಾಯಿಯನ್ನು ಕರೆದುಕೊಂಡು ಗುರುದೇವಿ ಮೊದಲ ಸಲ ಆ ಶೋರೂಮಿಗೆ ಹೋದಳು.

"ಅಲ್ನೋಡಬೇ... ನನ್ನ ಉಂಗುರ!"

ಗುರವ್ವ ಬೆರಗಿನಿಂದ ಗಾಜಿನ ಮೇಲೆ ಕೈಯಿಟ್ಟಳು.

"ಆಂಟಿ, ಮುಟ್ಬೇಡಿ!" ಅಂಗಡಿಯ ಹುಡುಗಿ ಓಡಿಬಂದಳು. "ಅವು ಇಂಪೋರ್ಟೆಡ್. ಇಟಲಿಯಿಂದ ಬಂದಿರೋದು."

ಗುರುದೇವಿ ಆಗ ನೋಡಿದಳು. ಉಂಗುರಗಳ ಪಕ್ಕದಲ್ಲೇ ಚಿನ್ನದ ಬಣ್ಣದ ಫಲಕ. 'ಇಟಲಿಯ ಕುಶಲಕರ್ಮಿಗಳ ಕೈಚಳಕ'.

"ಇಟಲಿ ಅಲ್ರಿ! ಇವು ನಾನು ಮಾಡಿದ್ದು!" ಅವಳು ಫಲಕದತ್ತ ಬೆರಳು ತೋರಿಸಿದಳು.

ಮೋಹನ್ ಕುಮಾರ್ ಒಳಗಿನಿಂದ ಬಂದು ಮೆಲ್ಲಗೆ ಹೇಳಿದ. "ಗಲಾಟೆ ಬೇಡಮ್ಮ. ಫುಟ್‌ಪಾತ್ ಉಂಗುರ ಅಂದ್ರೆ ಯಾರ್ ತಗೋತಾರೆ? ಚನ್ನಕೇಶವ ಅವ್ರಿಗೂ ಗೊತ್ತಿರೋ ವಿಷ್ಯಾನೇ ಇದು."

ಅವನಿಗೂ ಗೊತ್ತು!

ಗುರುದೇವಿ ತಾಯಿಯ ಕೈ ಹಿಡಿದು ಹೊರಗೆ ಬಂದು ಬಸ್ಸು ಹತ್ತಿದಳು. ಇಳಿದವಳು ನೇರ ಮಿಲ್ಲಿಗೆ ನಡೆದಳು. ಮರದ ಹೊಟ್ಟಿನ ನಡುವೆ ನಿಂತಿದ್ದ ಚನ್ನಕೇಶವ ಅವಳ ಮುಖ ನೋಡಿಯೇ ಬೆಚ್ಚಿದ.

"ಇಟಲಿ ಅಂತ ಬರದಿದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು... ಆದ್ರೆ..."

"ಗೊತ್ತಿತ್ತು!" ಅವಳ ಕಣ್ಣು ತುಂಬಿ ಬಂತು. "ನಮ್ಮಪ್ಪ ಜೀವನಪೂರ್ತಿ ಹೆಸರಿಲ್ದ ದುಡದ. ನಾನೂ ಹಂಗs ಇರ್ಲಿ ಅಂದ್ರೇನು? ನಿಮಗ ನನ್ನ ಕೈ ಬೇಕಿತ್ತು, ನನ್ನ ಹೆಸರು ಬ್ಯಾಡಾಗಿತ್ತು!"

"ಗುರುದೇವಿಯವ್ರೇ, ಒಂದ್ನಿಮಿಷ..."

"ಇನ್ನೊಂದು ಸಲ ನನ್ನ ಮುಂದ ಬರಬ್ಯಾಡ್ರಿ."

ಅವಳು ತಿರುಗಿ ನಡೆದಳು. ಹಿಂದಿನಿಂದ ಒಂದು ಕರೆ ಬರಬಹುದೆಂದು ಮನಸ್ಸು ಕಾದಿತ್ತು... ಬರಲಿಲ್ಲ. ಆ ದೊಡ್ಡ ಗರಗಸದ ಸದ್ದಿನಲ್ಲಿ ಅವನ ಗಂಟಲಿನಿಂದ ಹೊರಟಿದ್ದು ಅವಳಿಗೆ ಕೇಳಿಸಲೂ ಇಲ್ಲ.

* * *

ಅತ್ತಳು. ಸಿಟ್ಟಾದಳು. ಮತ್ತೆ ಅತ್ತಳು. ಆಮೇಲೆ ಅರ ಕೈಗೆತ್ತಿಕೊಂಡಳು!

ಯುಗಾದಿಗೆ ಮುಂಚೆ ವಿಜಯನಗರದ ಮೈದಾನದಲ್ಲಿ ಮಹಿಳೆಯರ ಕರಕುಶಲ ಮೇಳವಿತ್ತು. ಗುರುದೇವಿ ತಾನೇ ಓಡಾಡಿ, ಕಾದು, ವಾದಿಸಿ ಒಂದು ಮಳಿಗೆ ಗಿಟ್ಟಿಸಿದಳು. ಮಳಿಗೆಯ ಮೇಲೆ ಅವಳೇ ಕೆತ್ತಿದ ಮರದ ಬೋರ್ಡ್. 'ಗುರುದೇವಿ ಬಸಪ್ಪ. ಮರದ ಉಂಗುರ.'

ಅದನ್ನು ನೇತುಹಾಕಿ ಕೆಳಗಿಳಿದಾಗ ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾನುವಾರ ಜನ ಕಿಕ್ಕಿರಿದಿದ್ದರು. ಆಗಲೇ ಒಬ್ಬಳು ಯುವತಿ ಮಳಿಗೆಯ ಮುಂದೆ ಬಂದು ನಿಂತು ದನಿ ಏರಿಸಿದಳು. ಅವಳ ಹೆಸರು ದಿವ್ಯ.

"ಏನ್ರೀ ಇದು? ಇದು ನನ್ನ ಉಂಗುರದ ಡಿಸೈನು! ರಾಜಾಜಿನಗರದ ಶೋರೂಮಲ್ಲಿ ತಗೊಂಡಿದ್ದು, ಒರಿಜಿನಲ್ ಇಟಲಿ. ನೀವು ಇಲ್ಲಿ ಕಾಪಿ ಹೊಡೆದು ಮಾರ್ತಿದೀರಾ?"

ಸುತ್ತಲಿನವರು ತಿರುಗಿ ನೋಡಿದರು. "ನಕಲಂತೆ!" ಎಂದು ಯಾರೋ ಅಂದರು. ಉಂಗುರ ಆರಿಸುತ್ತಿದ್ದವರು ಮೆಲ್ಲಗೆ ಕೆಳಗಿಟ್ಟರು.

ಗುರುದೇವಿ ಅವರು ಕೆಳಗಿಟ್ಟ ಉಂಗುರಗಳನ್ನು ಸಾಲಾಗಿ ಜೋಡಿಸಿದಳು. 'ಅಳಬಾರದು... ಇವತ್ತು ಅಳಬಾರದು!'

"ಅಕ್ಕಾರ, ಸ್ವಲ್ಪ ನಿಂದ್ರತೀರೇನು?" ಎಂದಳು. "ಯಾವುದು ನಕಲು, ಯಾವುದು ಅಸಲು... ನಿಮ್ಮ ಕಣ್ಣಾಗ ನೀವs ನೋಡ್ರಿ."

ಒಂದು ಹೊನ್ನೆಯ ತುಂಡು ತೆಗೆದುಕೊಂಡಳು. ತೂತು ಕೊರೆದಳು. ಗರಗಸ ಆಡಿತು, ಅರ ಹಾಡಿತು, ಕಂದುಬಣ್ಣದ ಪುಡಿ ಅವಳ ಮಡಿಲಿಗೆ ಉದುರಿತು. ಮೇಳಕ್ಕೆ ಬಂದವರೆಲ್ಲ ಒಬ್ಬರ ಹಿಂದೊಬ್ಬರು ಅಲ್ಲೇ ಸೇರತೊಡಗಿದರು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಗುರುದೇವಿ ತಲೆಯೆತ್ತಲಿಲ್ಲ. ಉಂಗುರದ ಸುತ್ತ ಅಲೆಯಂಥ ಗೆರೆ ಕೆತ್ತಿ, ಉಜ್ಜಿ, ಕೊನೆಗೆ ಎಣ್ಣೆಯ ಬಟ್ಟೆಯಲ್ಲಿ ಒಮ್ಮೆ ತಿರುವಿ ಅಂಗೈ ಮೇಲಿಟ್ಟು ಚಾಚಿದಳು.

ದಿವ್ಯ ತನ್ನ ಬೆರಳಿನ ಉಂಗುರ ನೋಡಿದಳು. ಆ ಅಂಗೈ ಮೇಲಿನದನ್ನು ನೋಡಿದಳು. ಅದೇ ಅಲೆ, ಅದೇ ತಿರುವು!

"ನಿಮ್ಮ ಕೈಯಾಗಿದ್ದದ್ದೂ ನಾನs ಮಾಡೀನಿ ಅಕ್ಕಾರ. ಇಟಲಿ ಇಲ್ಲೇ ಐತಿ, ನಿಮ್ಮ ಮುಂದ ಕುಂತೈತಿ!"

ಮೈದಾನವೇ ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. "ಸೂಪರ್ ಕಣಮ್ಮ!" "ನಂಗೊಂದು ಕೊಡಿ!" "ನಮ್ಮನೆಯವ್ರಿಗೂ ಒಂದು!"

ದಿವ್ಯ ಮಾತ್ರ ಬೋರ್ಡನ್ನೇ ನೋಡುತ್ತ ನಿಂತಿದ್ದಳು. "ಗುರುದೇವಿ... ಅಯ್ಯೋ, ಆ ಗುರುದೇವಿ ನೀವೇನಾ?"

"ಯಾವ ಗುರುದೇವಿ?"

"ಶಿವರಾತ್ರಿ ಮಾರನೇ ದಿನ ನಾನು ಉಂಗುರ ತಗೋತಿದ್ದೆ. ಒಬ್ರು ಉದ್ದಕ್ಕಿದ್ರು, ಮೈಯೆಲ್ಲ ಮರದ ಹೊಟ್ಟು. ಶೋರೂಮ್ ನಡುವೆ ನಿಂತ್ಕೊಂಡು ಮ್ಯಾನೇಜರ್ ಮೇಲೆ ಕಿರುಚಾಡ್ತಿದ್ರು. 'ಇಟಲಿ ಅಲ್ಲ, ಮಲ್ಲತ್ತಹಳ್ಳಿ! ಮಾಡಿದವ್ರ ಹೆಸ್ರು ಗುರುದೇವಿ! ಅವರ ಹೆಸ್ರು ಹಾಕಿ, ಇಲ್ಲಾಂದ್ರೆ ಉಂಗುರಾನೂ ಇಲ್ಲ, ನಿಮಗೆ ನಮ್ಮ ಮಿಲ್ ಮರಾನೂ ಇಲ್ಲ!' ಅಂತ. ಮ್ಯಾನೇಜರ್ರು ಬದಲಾಯಿಸ್ತೀನಿ ಬದಲಾಯಿಸ್ತೀನಿ ಅಂತ ಕೈ ಮುಗಿದು ಕಳಿಸಿದ್ರು. ನಾನು ಯಾರೋ ತಲೆಕೆಟ್ಟೋರು ಅನ್ಕೊಂಡೆ..."

ಗುರುದೇವಿಯ ಕೈಯಲ್ಲಿದ್ದ ಅರ ಜಾರಿ ಬಿತ್ತು.

ಶಿವರಾತ್ರಿಯ ಮಾರನೇ ದಿನ! ಅಂದರೆ ಅವಳಿಗೆ ಗೊತ್ತಾಗುವ ಮೊದಲೇ... ನಾಲ್ಕು ಮಾತಾಡಲು ತಡವರಿಸುವ ಆ ಮನುಷ್ಯ, ಅಷ್ಟು ಜನರ ನಡುವೆ ಅವಳ ಹೆಸರನ್ನು ಕೂಗಿ ಹೇಳಿದ್ದ!

'ನಾನು ಅವನಿಗೆ ಮಾತೇ ಮುಗಿಸಗೊಡಲಿಲ್ಲವಲ್ಲ...'

"ಅವ್ವಾ, ಅಂಗಡಿ ನೋಡ್ಕೋ!"

"ಎಲ್ಲಿಗೆ ಹೊಂಟೆವ್ವಾ? ಇಷ್ಟು ಮಂದಿ ಬಂದಾರ!"

"ಮಿಲ್ಲಿಗೆ!"

* * *

ಆಟೋ ಇಳಿದು ಓಡುತ್ತ ಬಂದವಳನ್ನು ಮಿಲ್ಲಿನ ಗೇಟಿನಲ್ಲೇ ಮುನಿತಾಯಮ್ಮ ತಡೆದರು. ಚನ್ನಕೇಶವನ ತಾಯಿ. ಗುರುದೇವಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮಡಿಲೆಲ್ಲ ಮರದ ಪುಡಿ, ಕೆದರಿದ ಕೂದಲು.

"ಗುರುದೇವಿ ಅಂದ್ರೆ ನೀನೇನಮ್ಮ?"

"ಹೌದ್ರಿ..." ಅವಳು ಗಡಿಬಿಡಿಯಿಂದ ಕೂದಲು ಸರಿಮಾಡಿಕೊಂಡಳು.

"ನನ್ನ ಮಗ ಆ ಶೋರೂಮಿಗೆ ಮರ ಕೊಡೋದ್ ನಿಲ್ಸಿದ. ಅಷ್ಟ್ ದೊಡ್ಡ ಗಿರಾಕಿ! ಯಾಕಪ್ಪ ಅಂದ್ರೆ ಬಾಯೇ ಬಿಡಲ್ಲ. ಮಿಲ್ಲಿನ ಆಳುಗಳಿಂದ ನಿನ್ ವಿಷ್ಯ ತಿಳೀತು. ಇವತ್ತು ಬೆಳಿಗ್ಗೆ ನಾನೇ ಮೇಳಕ್ ಹೋಗಿ ನಿನ್ ಬೋರ್ಡ್ ನೋಡ್ಕೊಂಡ್ ಬಂದೆ." ಮುನಿತಾಯಮ್ಮನ ಮುಖ ಸಡಿಲವಾಯಿತು. "ಅಕ್ಷರ ಚೆನ್ನಾಗ್ ಕೆತ್ತಿದೀಯ. ಹೋಗು, ಒಳಗಿದಾನೆ. ಸರ್ಯಾಗ್ ಊಟ ಮಾಡಿ ಮೂರ್ ವಾರ ಆಯ್ತು."

ಚನ್ನಕೇಶವ ದಿಮ್ಮಿಯೊಂದರ ಮೇಲೆ ಕೂತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ. ಭಾನುವಾರದ ಮಿಲ್ಲು, ಗರಗಸದ ಸದ್ದಿಲ್ಲ.

"ಶೋರೂಮ್‌ನಾಗ ಅಷ್ಟು ಜೋರು ಒದರಿದ್ರಂತ. ನನ್ನ ಮುಂದ ಯಾಕ್ರಿ ಬಾಯಿ ಬರಲಿಲ್ಲ?"

ಅವನು ನೆಲ ನೋಡಿದ. "ನೀವು ಅಷ್ಟು ಖುಷಿಯಾಗಿದ್ರಿ... ಮೊದಲು ಸರಿಮಾಡಿಸಿ ಆಮೇಲೆ ಹೇಳೋಣ ಅನ್ಕೊಂಡೆ. ಅವನು ಮಾತಿಗೆ ತಪ್ಪಿದ. ಅವತ್ತೇ ನಿಮಗೆ ಹೇಳ್ಬೇಕಿತ್ತು, ತಪ್ಪು ನಂದೇ."

"ನಾನೂ ಕೇಳಬೇಕಿತ್ರಿ. ಕೇಳಲಿಲ್ಲ."

ಅವಳ ಕಣ್ಣೀರು ಕೆನ್ನೆಯ ಮೇಲಿನ ಮರದ ಪುಡಿಯಲ್ಲಿ ಗೆರೆ ಕೊರೆಯಿತು. ಅವನು ಒರೆಸಲು ಕೈಯೆತ್ತಿ, ಅಂಜಿ ನಿಲ್ಲಿಸಿದ. ಗುರುದೇವಿಯೇ ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಇವತ್ತು ಮೈದಾನದಾಗ ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನು ಮಂದ್ಯಾಗ ನಿಮ್ಮನ್ನs ಹುಡುಕಿದೆ. ನನ್ನ ಗೆಲುವು ನೋಡಾಕ ನೀವು ಇರಬೇಕ್ರಿ. ಇವತ್ತೊಂದಿನ ಅಲ್ಲ... ಯಾವಾಗ್ಲೂ. ನನ್ನ ಮದಿವಿ ಆಗ್ತೀರೇನು?"

ಚನ್ನಕೇಶವನ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಆಗ್ತೀನಿ! ಗುರುದೇವಿಯವ್ರೇ, ಆಗ್ತೀನಿ!"

"ಲೋ, ಒಪ್ಕೊಂಡಿದ್ದಾದ್ರೆ ಇಬ್ರೂ ಬನ್ನಿ, ಮುದ್ದೆ ಆರೋಗತ್ತೆ!" ಗೇಟಿನ ಕಡೆಯಿಂದ ಮುನಿತಾಯಮ್ಮನ ಕೂಗು.

ಇಬ್ಬರೂ ನಕ್ಕುಬಿಟ್ಟರು. ಹೊರಡಲು ಅವನು ಕೈ ಬಿಡಿಸಿಕೊಳ್ಳಹೋದ. ಅವಳು ಬಿಡಲಿಲ್ಲ.

"ಗುರುದೇವಿಯವ್ರೇ ಅನಬ್ಯಾಡ್ರಿ. ಮನ್ಯಾಗ ನನ್ನ ದೇವಿ ಅಂತಾರ."

"ದೇವಿ," ಎಂದ. ಆಮೇಲೆ ಹುಡುಗಾಟದಿಂದ, "ಶೋರೂಮಲ್ಲಿ ಕೂಗಿದ ಹಾಗೆ ಜೋರಾಗಿ ಅನ್ಲಾ?"

"ಬ್ಯಾಡ..." ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. "ಈಗ ಮೆಲ್ಲಕ ಅನ್ರಿ. ನನಗಷ್ಟs ಕೇಳ್ಲಿ."

"ದೇವಿ..."

"ಹ್ಞೂಂ."