ತಾತನ ಬಾಯಲ್ಲಿ ಪೈಪು

ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅಂದು ನಾನು ಕುಡಿದಿರಲಿಲ್ಲ, ಆ ಬಗ್ಗೆ ಇಂದಿಗೂ ಪಶ್ಚಾತ್ತಾಪವಿದೆ.

ಎಡಿನ್‌ಬರೋದ ವೈದ್ಯಕೀಯ ಕಾಲೇಜಿನ ಹೆಣ ಕೊಯ್ಯುವ ಕೋಣೆಯಲ್ಲಿ ನಾತ ತಡೆಯಲು ಎಲ್ಲರೂ ಪೈಪು ಸೇದುತ್ತಿದ್ದೆವು. ಹೊಸಬನಾದ ನನ್ನನ್ನು ಹೆದರಿಸಲೆಂದು ಹಿರಿಯ ವಿದ್ಯಾರ್ಥಿ ಗಿಲ್‌ಕ್ರಿಸ್ಟ್ ತನ್ನ ಉರಿಯುವ ಪೈಪನ್ನು ಮೇಜಿನ ಮೇಲಿದ್ದ ಮುದುಕನ ಹೆಣದ ಬಾಯಿಗೆ ಸಿಕ್ಕಿಸಿದ.

"ಹೋಗೋ ಹಸುಗೂಸೇ, ತಾತನ ಹತ್ರ ಬೆಂಕಿ ಕೇಳು. ಓಡಿದ್ಯೋ, ನಾಳೆಯಿಂದ ಈ ಮೇಜಿನ ಹತ್ರ ಸುಳಿಯೋ ಹಾಗಿಲ್ಲ."

ಮೇಜು ತಪ್ಪಿದರೆ ಓದೇ ತಪ್ಪಿದಂತೆ. ಆರಿದ ನನ್ನ ಪೈಪನ್ನು ಕೈಯಲ್ಲಿ ಹಿಡಿದು ಹೆಣದ ಮುಖದತ್ತ ಬಗ್ಗಿದೆ. ಪೈಪಿನ ಕೆಂಡ ನಿಗಿನಿಗಿ ಹೊಳೆಯಿತು, ಮಂಕಾಯಿತು, ಮತ್ತೆ ಹೊಳೆಯಿತು. ಬೆಚ್ಚನೆಯ ಹೊಗೆ ಕೆನ್ನೆಗೆ ತಾಗಿತು.

"ಸಾಕು, ಊದಬೇಡ ಕಣೋ," ಎಂದ ಗಿಲ್‌ಕ್ರಿಸ್ಟ್. ಅವನ ನಗು ನಿಂತಿತ್ತು.

"ನಾನೆಲ್ಲಿ ಊದ್ತಿದೀನಿ?" ಎಂದೆ.

ಆಮೇಲೆ ನಕ್ಕವನು ನಾನೊಬ್ಬನೇ, ಕೋಣೆ ಮೊಳಗುವಷ್ಟು ಜೋರಾಗಿ, ನಿಲ್ಲಿಸಲಾಗಲಿಲ್ಲ. ಮುದುಕನ ಶ್ವಾಸಕೋಶಗಳು ಹಿಂದಿನ ದಿನದಿಂದಲೂ ಪಕ್ಕದ ಬಕೆಟ್ಟಿನಲ್ಲಿದ್ದವು.