ಕಾಗೆ ಮುಟ್ಟದ ಎಡೆ

ಬಹಳ ಹಿಂದೆ, ಕಡಲಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಬಿಳಿಯಾಗರ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿನವರು ಉಪ್ಪು ಮಾಡುತ್ತಿದ್ದರು. ಆಗರಕ್ಕೆ ಕಡಲನೀರು ಕಟ್ಟುವುದು, ಬಿಸಿಲಿಗೆ ಬಿಡುವುದು, ಉಪ್ಪು ಎಳೆದು ರಾಶಿ ಹಾಕುವುದು. ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ.

ಆ ರಾಜ್ಯದಲ್ಲಿ ಬೊಮ್ಮಿ ಎಂಬವಳಿದ್ದಳು. ಅವಳ ಗಂಡ ಮೇಘಕೇತು. ಕಡಲಾಚೆಯ ಮಂಜಿನ ದೇಶದಿಂದ ಹಡಗಿನಲ್ಲಿ ಬಂದವನು. ತಾನು ಮಾಯಗಾರ ಎಂದು ಮದುವೆಯಾಗುವಾಗ ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬೊಮ್ಮಿ ಅವನಿಗೆ ಅನ್ನ ಬಡಿಸಿದಳು. ಅವರಿಗೊಬ್ಬ ಮಗ. ಹೆಸರು ಈರ. ಆಗಷ್ಟೇ ನಡೆಯಲು ಕಲಿತಿದ್ದ.

ಒಂದು ಮಧ್ಯಾಹ್ನ ಮೇಘಕೇತು ಮಗುವನ್ನು ಎತ್ತಿಕೊಂಡು ಹೊರಟ.

"ಇವನಿಗೆ ಅಲೆ ತೋರಿಸಿಕೊಂಡು ಬರುತ್ತೇನೆ," ಎಂದ.

"ಬೇಗ ಬನ್ನಿ. ಗಂಜಿ ಆರುತ್ತದೆ," ಎಂದಳು ಬೊಮ್ಮಿ.

ಅವನು ದಡಕ್ಕೆ ಹೋಗಿ ಕಡಲನ್ನು ಚಾಪೆಯ ಹಾಗೆ ಸುತ್ತಿದ. ಆಚೆಯ ದಡ ಈಚೆಗೆ ಬಂತು. ಒಂದೇ ಹೆಜ್ಜೆ, ದಾಟಿಬಿಟ್ಟ. ಕಡಲು ಮತ್ತೆ ಬಿಚ್ಚಿಕೊಂಡಿತು.

ಗಂಜಿ ಆರಿತು.

ಬೊಮ್ಮಿ ತನ್ನ ರಾಜನ ಹತ್ತಿರ ಹೋದಳು. ರಾಜ ಒಳ್ಳೆಯವನು. ಎಲ್ಲ ಕೇಳಿದ.

"ಕಡಲಿನ ಈಚೆ ಇದ್ದರೆ ಕಟ್ಟಿ ತರಿಸುತ್ತಿದ್ದೆ, ತಂಗಿ. ಆಚೆ ನನ್ನ ಮಾತು ನಡೆಯುವುದಿಲ್ಲ."

ನೆರೆಯವರು ಬಂದು ಕೂತು ಸಮಾಧಾನ ಹೇಳಿದರು. "ಒಯ್ದವನು ಕಳ್ಳನಲ್ಲವಲ್ಲ, ತಂದೆಯೇ ತಾನೆ?" ಎಂದರು. "ನಿನಗೂ ವಯಸ್ಸಿದೆ," ಎಂದರು. ಅವಳು ಎದ್ದು ಆಗರಕ್ಕೆ ಹೋದಳು. ಅವರೂ ಬರುವುದನ್ನು ಬಿಟ್ಟರು.

ಮನೆಯಲ್ಲಿ ಮಾತು ನಿಂತಿತು. ಮಗು ಮಲಗುತ್ತಿದ್ದ ಜಾಗವನ್ನು ಅವಳು ಸುತ್ತು ಹಾಕಿಯೇ ನಡೆಯುತ್ತಿದ್ದಳು. ತುಳಿಯುತ್ತಿರಲಿಲ್ಲ. ಸಂತೆಯಲ್ಲಿ ಯಾರದೋ ಮಗು ಅಮ್ಮಾ ಎಂದರೆ ತಿರುಗಿ ನೋಡುತ್ತಿದ್ದಳು. ಮಳೆಗಾಲ ಬಂತು, ಹೋಯಿತು. ಆಗರ ತುಂಬಿತು, ಒಣಗಿತು. ಹೀಗೆ ವರ್ಷಗಳು ಕಳೆದವು. ಮೇಘಕೇತು ಮಂಜು ಹಬ್ಬಿಸಿ ಹಡಗುಗಳ ದಾರಿ ಮುಚ್ಚಿದ್ದ. ಕಡಲು ದಾಟಿಸುವವರು ಯಾರೂ ಇಲ್ಲ ಎಂದು ಕಂಡವರೆಲ್ಲ ಹೇಳಿದರು. ಅವಳು ಕಾಣದವರನ್ನು ಹುಡುಕಿದಳು.

ಕಡೆಗೆ ಬಂಡೆಗಳ ಸಂದಿಯಲ್ಲಿ ಒಂದು ಮುದಿ ಆಮೆ ಸಿಕ್ಕಿತು. ಅದರ ಬೆನ್ನು ಭತ್ತ ಬಡಿಯುವ ಕಣದಷ್ಟು ಅಗಲ.

"ಅಜ್ಜಾ, ದಾಟಿಸುತ್ತೀಯಾ?"

"ದಾಟಿಸುತ್ತೇನೆ. ನನ್ನ ಬೆನ್ನ ಮೇಲೆ ಅಳಬಾರದು. ಒಂದು ಹನಿ ಬಿದ್ದರೂ ಮುಳುಗುತ್ತೇನೆ. ನೀನೂ ಮುಳುಗುತ್ತೀಯ."

ಬೊಮ್ಮಿ ಹತ್ತಿ ಕೂತಳು. ದಡ ಮರೆಯಾದ ಮೇಲೆ ಕಡಲು ತನ್ನ ಆಟ ಶುರುಮಾಡಿತು. ಬಲಗಡೆಯ ಅಲೆ ಈರನ ದನಿಯಲ್ಲಿ ನಕ್ಕಿತು. ಎಡಗಡೆಯ ಅಲೆ ಈರನ ದನಿಯಲ್ಲಿ ಅಮ್ಮಾ ಎಂದಿತು. ಅವಳು ಮುಖ ಮೇಲೆತ್ತಿ ಕೂತಳು. ಕಣ್ಣು ತುಂಬಿತು, ಬಿಸಿಲಿಗೆ ಒಣಗಿತು. ರೆಪ್ಪೆಯ ಮೇಲೆ ಉಪ್ಪು ಕಟ್ಟಿತು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಆಚೆಯ ದಡದಲ್ಲಿ ಆಮೆ ಹೇಳಿತು, "ಇಳಿದೆಯಲ್ಲ, ಈಗ ಅಳು."

"ಈಗ ಹೊತ್ತಿಲ್ಲ ಅಜ್ಜಾ," ಎಂದು ಬೊಮ್ಮಿ ನಡೆದಳು.

ಮಂಜಿನ ದೇಶದ ಹೆಬ್ಬಾಗಿಲಲ್ಲಿ ಒಂದು ಹುಲಿ ಮಲಗಿತ್ತು. ಸುಳ್ಳು ಹೇಳಿದವರನ್ನು ತಿನ್ನುವುದು ಅದರ ಕೆಲಸ. ಪಕ್ಕದಲ್ಲಿ ಒಬ್ಬ ಕಾವಲುಗಾರ ನಿಂತಿದ್ದ.

"ಯಾರಮ್ಮಾ ನೀನು?"

"ಮೇಘಕೇತುವಿನ ಮಗನ ತಾಯಿ."

"ಅಯ್ಯೋ, ಮೆಲ್ಲಗೆ!" ಕಾವಲುಗಾರ ಹುಲಿಯ ಕಡೆ ನೋಡಿದ. "ಆ ಹುಡುಗನ ತಾಯಿ ಎಂದೋ ಸತ್ತಳು. ನಾಳೆ ಅವಳಿಗೆ ಎಡೆ ಇಡುವ ದಿನ."

ತಾನು ಸತ್ತ ಸುದ್ದಿ ಬೊಮ್ಮಿಗೆ ಹಾಗೆ ತಿಳಿಯಿತು.

"ಪಾತ್ರೆ ತೊಳೆಯುವುದಕ್ಕೆ ಬಂದೆ ಅನ್ನು," ಎಂದ ಕಾವಲುಗಾರ. ಅವನಿಗೆ ಕರುಣೆ ಬಂದಿತ್ತು. "ಅಷ್ಟು ಸಣ್ಣ ಸುಳ್ಳಿಗೆಲ್ಲ ಇದು ಏಳುವುದಿಲ್ಲ."

"ನಾನು ತಾಯಿ. ಇನ್ನೇನೂ ಅಲ್ಲ."

ಹುಲಿ ಎದ್ದಿತು. ಅವಳನ್ನು ಕಾಲಿನಿಂದ ತಲೆಯವರೆಗೆ ಮೂಸಿತು. ಕಾವಲುಗಾರ ಕಣ್ಣು ಮುಚ್ಚಿಕೊಂಡ.

"ಸತ್ತವರ ವಾಸನೆ ಇಲ್ಲ," ಎಂದಿತು ಹುಲಿ. "ಸುಳ್ಳಿನ ವಾಸನೆಯೂ ಇಲ್ಲ. ಉಪ್ಪಿನ ವಾಸನೆ ಇದೆ. ಹೋಗು."

ಆ ದೇಶದ ರಾಜ ಸಭೆ ನಡೆಸುತ್ತಿದ್ದ. ಮೇಘಕೇತು ಅವನ ಮಂತ್ರಿಯಾಗಿ ಪಕ್ಕದಲ್ಲೇ ಕೂತಿದ್ದ. ಬೊಮ್ಮಿಯನ್ನು ಕಂಡು ಅವನ ಮುಖ ಬಿಳಿಚಿತು.

"ಯಾರೋ ಹುಚ್ಚಿ, ಮಹಾಪ್ರಭು," ಎಂದ.

"ನಾನು ನಿನ್ನ ಮಗನ ತಾಯಿ. ನನ್ನ ಮುಖ ನೋಡಿ ಹೇಳು," ಎಂದಳು ಬೊಮ್ಮಿ.

ಅವನು ನೆಲ ನೋಡಿದ.

"ತಾಯಿ ಸತ್ತಳೆಂದು ತಂದೆ ಹೇಳಿದ. ನಾವು ಒಪ್ಪಿದೆವು," ಎಂದ ರಾಜ. "ಸತ್ತವಳು ಬಂದು ಬದುಕಿದ್ದೇನೆ ಎಂದರೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ."

"ನಿಮ್ಮ ಹುಲಿ ನನ್ನನ್ನು ಬಿಟ್ಟಿತು."

"ಅದಕ್ಕೆ ಮೂಗು ಹೋಗಿ ಬಹಳ ಕಾಲವಾಯಿತು."

ಸಭೆ ನಕ್ಕಿತು. ಬೊಮ್ಮಿ ನಿಂತೇ ಇದ್ದಳು. ರಾಜನಿಗೆ ಬೇಸರವಾಯಿತು. "ನಾಳೆ ಎಡೆ ನೋಡಿಕೊಂಡು ಹೋಗು. ಕೆಲಸದವರ ಜೊತೆ ಹಿಂದೆ ನಿಲ್ಲು. ಮುಂದೆ ಬಂದರೆ ತಲೆ ಹೋಗುತ್ತದೆ."

ಮರುದಿನ ಮಧ್ಯಾಹ್ನ ಅರಮನೆಯ ಅಂಗಳದಲ್ಲಿ ಜನ ಸೇರಿದರು. ಒಬ್ಬ ಹುಡುಗ ಎರಡೂ ಕೈಯಲ್ಲಿ ಎಲೆ ಹಿಡಿದು ಬಂದ. ಎತ್ತರವಾಗಿದ್ದ. ರೇಷ್ಮೆ ಉಟ್ಟಿದ್ದ. ಈರನನ್ನು ಅಲ್ಲಿ ಎಲ್ಲರೂ ಚಂದ್ರಸೇನ ಎಂದು ಕರೆದರು. ಅವನು ಬೊಮ್ಮಿಯ ಮುಂದೆಯೇ ಹಾದು ಹೋದ. ನೋಡಲಿಲ್ಲ. ಯಾಕೆ ನೋಡಬೇಕು? ಅವಳ ಮುಖ ನೆನಪಿಗೆ ಬಾರದಂತೆ ಮೇಘಕೇತು ಅವನ ಮನಸ್ಸಿನಲ್ಲಿ ಮಂಜು ತುಂಬಿಸಿದ್ದ.

ಹುಡುಗ ಎಲೆಯನ್ನು ಕಟ್ಟೆಯ ಮೇಲಿಟ್ಟ. ಹಿಂದೆ ಸರಿದು ಆಕಾಶ ನೋಡಿ, "ಕಾ, ಕಾ," ಎಂದು ಕರೆದ.

"ಪಾಪ, ಕೂಸು," ಎಂದಳು ಬೊಮ್ಮಿಯ ಪಕ್ಕದಲ್ಲಿದ್ದ ಅಡುಗೆಯ ಮುದುಕಿ. "ಪ್ರತಿ ವರ್ಷ ಕರೆಯುತ್ತಾನೆ. ಒಂದು ಕಾಗೆಯೂ ಬರುವುದಿಲ್ಲ. ಸಂಜೆಯವರೆಗೆ ಕೂತಿರುತ್ತಾನೆ. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಅನ್ನುತ್ತಾನೆ."

"ಕಾಗೆ ಬಾರದಿದ್ದರೆ ಆ ಅನ್ನ ಯಾರಿಗೆ?"

"ಯಾರಿಗೂ ಇಲ್ಲ ತಾಯಿ. ಒಬ್ಬರಿಗೆ ಇಟ್ಟ ಎಡೆ ಇನ್ನೊಬ್ಬರು ಮುಟ್ಟಿದರೆ ಕಲ್ಲಾಗುತ್ತಾರೆ. ಸತ್ತವರು ಕಾಗೆಯೊಳಗೆ ಬಂದು ತಿನ್ನಬೇಕು, ಅಷ್ಟೇ."

ಹುಡುಗ ಕರೆಯುತ್ತಲೇ ಇದ್ದ. ದನಿ ಸಣ್ಣದಾಗುತ್ತಾ ಬಂತು. ಮೇಘಕೇತು ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದ. ವರ್ಷ ವರ್ಷ ನೋಡಿದ್ದ. ಈ ಸಲ ಅವನಿಂದ ತಡೆಯಲಾಗಲಿಲ್ಲ. ಕಂಬದ ದೀಪದ ಮಸಿಯನ್ನು ಅಂಗೈಯಲ್ಲಿ ತಿಕ್ಕಿ ಊದಿದ. ಮಸಿ ಕಾಗೆಯಾಗಿ ಹಾರಿತು.

"ಬಂತು! ಅಪ್ಪಾ, ಬಂತು!" ಹುಡುಗ ಕುಣಿದ.

ಕಾಗೆ ಕಟ್ಟೆಯ ಮೇಲೆ ಕೂತು ಅನ್ನಕ್ಕೆ ಕೊಕ್ಕು ಹಾಕಿತು. ಹಾಕಿದ್ದೇ ಕಲ್ಲಾಯಿತು. ಉರುಳಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

ಹುಡುಗ ಕಲ್ಲನ್ನು ನೋಡಿದ. ಅಲ್ಲೇ ಕುಕ್ಕರಿಸಿ ಮೊಣಕಾಲಲ್ಲಿ ಮುಖ ಇಟ್ಟ.

ಬೊಮ್ಮಿ ಮುಂದೆ ನಡೆದಳು.

"ತಡೆಯಿರಿ ಅವಳನ್ನು!" ಎಂದು ಕೂಗಿದ ಮೇಘಕೇತು.

"ತಲೆ ಹೋಗುತ್ತದೆ, ಹೆಂಗಸೇ," ಎಂದ ರಾಜ.

"ಹೋಗಲಿ. ಸತ್ತವಳ ತಲೆ ತಾನೆ?"

ಕಟ್ಟೆಯ ಹತ್ತಿರ ಹೋಗಲು ಸೈನಿಕರಿಗೆ ಧೈರ್ಯ ಬರಲಿಲ್ಲ. ಬೊಮ್ಮಿ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅನ್ನ ಕಲಸಿದಳು. ಒಂದು ತುತ್ತು ಬಾಯಿಗಿಟ್ಟಳು. ಜನ ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಅವಳು ಎರಡನೆಯ ತುತ್ತು ಅಗಿಯುತ್ತಿದ್ದಳು.

"ಉಪ್ಪು ಹಾಕಿಲ್ಲವಲ್ಲ, ಮಗಾ," ಎಂದಳು.

ಹುಡುಗ ತಲೆಯೆತ್ತಿದ. "ಸತ್ತವರಿಗೆ ಉಪ್ಪು ಹಾಕಬಾರದಂತೆ."

"ಬದುಕಿರುವವರಿಗೆ ಹಾಕಬೇಕು."

ಹುಡುಗ ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಅಡುಗೆಮನೆಗೆ ಓಡಿದ. ಹಿಡಿ ತುಂಬ ಉಪ್ಪು ತಂದು ಎಲೆಯ ತುದಿಗೆ ಬಡಿಸಿದ. ಅವಳು ಉಂಡಳು. ಒಂದು ಅಗುಳೂ ಬಿಡದೆ ಉಂಡಳು. ಆಗ ಅವಳ ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಮೇಘಕೇತುವಿನ ಮಾಯೆಯೆಲ್ಲ ಅವಳು ಸತ್ತಳು ಎಂಬ ಒಂದೇ ಸುಳ್ಳಿನ ಮೇಲೆ ನಿಂತಿತ್ತು. ಅದು ಬಿತ್ತು. ಊರ ಮೇಲಿನ ಮಂಜು ಹರಿದು ಬಿಸಿಲು ಬಂತು. ಹುಡುಗನ ಮನಸ್ಸಿನ ಮಂಜೂ ಹರಿಯಿತು. ಮೇಘಕೇತು ಮಂತ್ರ ಹೇಳಲು ಬಾಯಿ ತೆರೆದ. ಬರೀ ಕೆಮ್ಮು ಬಂತು.

ರಾಜ ಎದ್ದು ಮುಂದೆ ಬಂದ. "ತಾಯಿ ಬದುಕಿದ್ದಾಳೆ. ಮಗ ಅವಳ ಜೊತೆ ಹೋಗಲಿ. ಈ ಸುಳ್ಳುಗಾರ ಹುಲಿಗೆ."

ಹುಡುಗ ಬೊಮ್ಮಿಯ ಸೆರಗು ಹಿಡಿದ. "ಅಪ್ಪನನ್ನು ತಿನ್ನಿಸಬೇಡಿ."

ಬೊಮ್ಮಿ ಮೇಘಕೇತುವನ್ನು ನೋಡಿದಳು. ಕೈಯಲ್ಲಿ ಮಸಿ, ಮೈಮೇಲೆ ಮಂತ್ರಿಯ ಶಾಲು, ಕಣ್ಣಲ್ಲಿ ಏನೂ ಇಲ್ಲ. ಮಗ ಇಲ್ಲದ ಮನೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಬಿಟ್ಟುಬಿಡಿ, ಮಹಾಪ್ರಭು," ಎಂದಳು. ಮತ್ತೆ ಅವನಿಗೆ ಹೇಳಿದಳು, "ಮಗನನ್ನು ನೋಡಬೇಕೆನಿಸಿದರೆ ಬಾ. ಎಲ್ಲರ ಹಾಗೆ ಹಡಗು ಹತ್ತಿ ಬಾ. ಹೇಳಿ ಬಾ, ಹೇಳಿ ಹೋಗು."

ಅವನು ತಲೆಯಾಡಿಸಿದ.

ತಾಯಿ ಮಗ ಬಿಳಿಯಾಗರಕ್ಕೆ ಬಂದರು. ಈರನಿಗೆ ಆ ಮನೆ ಹೊಸದು. ಮೊದಮೊದಲು ಮೂಲೆಯಲ್ಲಿ ಕೂರುತ್ತಿದ್ದ. ಮಾತು ಕಡಿಮೆ. ಆದರೆ ಬೆಳಗ್ಗೆ ಎದ್ದ ಕೂಡಲೇ ಒಂದು ತುತ್ತು ಅನ್ನ ತಂದು ಅವಳ ಮುಂದೆ ಹಿಡಿಯುತ್ತಿದ್ದ.

"ತಿನ್ನು."

ಬೊಮ್ಮಿ ತಿನ್ನುತ್ತಿದ್ದಳು. ಅವನು ಅವಳ ಗಂಟಲನ್ನೇ ನೋಡುತ್ತಿದ್ದ. ನುಂಗಿದಳೋ ಇಲ್ಲವೋ ನೋಡಿ, "ಸರಿ," ಎಂದು ಮುಖ ತೊಳೆಯಲು ಹೋಗುತ್ತಿದ್ದ. ದಿನವೂ ಹೀಗೆಯೇ. ಅವಳಿಗೆ ಜ್ವರ ಬಂದಿದ್ದ ದಿನವೂ ಬಿಡಲಿಲ್ಲ. ಅಪ್ಪ ಹಡಗು ಹತ್ತಿ ಬಂದು ಜಗಲಿಯಲ್ಲಿ ಕೂತಿದ್ದ ದಿನವೂ ಬಿಡಲಿಲ್ಲ.

ಒಂದು ಬೆಳಗ್ಗೆ ಹೊರಗೆ ಜೊತೆಗಾರರು ಕೂಗಿದರು. ಈರ ಚಾಪೆಯಿಂದ ಎದ್ದವನೇ ಹೊಸಿಲು ದಾಟಿ ಓಡಿದ. ಅವಳು ಬದುಕಿದ್ದಾಳೆಯೇ ಎಂದು ನೋಡುವ ತುತ್ತು ಮರೆತಿದ್ದ. ಬೊಮ್ಮಿ ಒಲೆಯ ಮುಂದೆ ಕಾದು ಕೂತಳು. ಅವನು ಬರಲಿಲ್ಲ. ಆಗರದ ಬದುವಿನ ಮೇಲೆ ಅವನ ಕೂಗು ದೂರ ದೂರ ಹೋಗುತ್ತಿತ್ತು.

ಅವಳು ತಾನೇ ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು. ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು.